ಗೀಜಗನ ಗೂಡು ಗೋಡೆಯ ಅಲಂಕಾರವಲ್ಲ

ಈಚೆಗೆ ಹಳೆಯ ಶಿಷ್ಯನೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. "ಖಾಲಿ ಗೂಡು ತಾನೆ ಸಾರ್?" ಎಂದ. ಈ ಸಮಜಾಯಿಷಿಯನ್ನು ನಾನು ಒಪ್ಪಲಾರೆ.

ನಮ್ಮ ತುಮಕೂರು ಸೀಮೆಯಲ್ಲಿ ಮಳೆ ಹಿಡಿದೊಡನೆ ಗಂಡುಹಕ್ಕಿ ಹುಲ್ಲನ್ನು ಎಳೆಯೆಳೆಯಾಗಿ ಸೀಳಿ ತಂದು, ಬಾವಿಯ ಮೇಲೆ ಬಾಗಿದ ಈಚಲಿನಲ್ಲೋ ಜಾಲಿಯಲ್ಲೋ ನೇಯತೊಡಗುತ್ತದೆ. ಅರ್ಧ ನೇಯ್ದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಮೆಚ್ಚಿದರಷ್ಟೇ ಕೊಳವೆಯಂತಹ ಬಾಗಿಲು ಪೂರ್ಣಗೊಳ್ಳುವುದು. (ನಮ್ಮ ಶಾಲಾ ತನಿಖಾಧಿಕಾರಿಗಳೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ!) ಕೊಳವೆಯಿಲ್ಲದ ಗೂಡು ಎಷ್ಟೋ ವೇಳೆ ಖಾಲಿಯಲ್ಲ, ಕೆಲಸ ಮುಗಿಯದ ಮನೆ. ಗೀಜಗ ತೊರೆದ ಗೂಡಿನಲ್ಲೂ ರಾಟವಾಳಗಳು ಸಂಸಾರ ಹೂಡುವುದುಂಟು.

ಪ್ರಿಯ ಶಿಷ್ಯರೇ, ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಅಂದು ನಿಮ್ಮಿಂದ ಗೂಡುಗಳನ್ನು ಕೀಳಿಸಿದವನು ನಾನೇ. ಬಹುಮಾನವೂ ಬಂದಿತ್ತು. ನಾನು ಕಲಿಸಿದ್ದು ತಪ್ಪು. ಬರುವ ಮುಂಗಾರಿನಲ್ಲಿ ನಿಮ್ಮ ಮಕ್ಕಳನ್ನು ಊರ ಬಾವಿಯ ಬಳಿಗೆ ಕರೆದೊಯ್ದು ತೋರಿಸಿ. ಕೈಯಲ್ಲಿ ದೋಟಿ ಬೇಡ.