ಹಳೆಯ ಕಾರು, ಕಾಗದದಲ್ಲಿ ಕಾಣದ ಮಾರಾಟಗಾರ

ಬಸವಕಲ್ಯಾಣ: ಪುಣೆ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳನ್ನು ಹಾದು ಹೋಗುತ್ತದೆ. ಹಿಂದೆ 9ನೇ ಸಂಖ್ಯೆಯದಾಗಿದ್ದು ಈಗ 65ನೇ ಸಂಖ್ಯೆಯದಾಗಿರುವ ಈ ಹೆದ್ದಾರಿಯ ಒಂದು ದಿಕ್ಕಿಗೆ ಉಮರ್ಗಾ, ಸೊಲ್ಲಾಪುರ. ಮತ್ತೊಂದು ದಿಕ್ಕಿಗೆ ಜಹೀರಾಬಾದ್, ಹೈದರಾಬಾದ್. ಈ ಭಾಗದ ಶಿಕ್ಷಕರೋ, ಸಣ್ಣ ವ್ಯಾಪಾರಿಯೋ, ಕಬ್ಬು ಬೆಳೆಗಾರರೋ ಮೊದಲ ಬಾರಿಗೆ ಕಾರು ಕೊಳ್ಳಲು ಮನಸ್ಸು ಮಾಡಿದರೆ ಅದು ಬಹುತೇಕ ಹಳೆಯ ಕಾರೇ ಆಗಿರುತ್ತದೆ. ಆ ಕಾರು ಈ ಹೆದ್ದಾರಿಯ ಮೇಲಿಂದಲೇ ಬರುತ್ತದೆ. ದೇಶದಲ್ಲಿ ಹೊಸ ಕಾರುಗಳಿಗಿಂತ ಕೈ ಬದಲಾಯಿಸುವ ಹಳೆಯ ಕಾರುಗಳ ಸಂಖ್ಯೆಯೇ ಹೆಚ್ಚಾಗಿರುವ ಈ ದಿನಗಳಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊಂಡ ಕಾರು ತಿಂಗಳೊಳಗೆ ಕೆಟ್ಟು ನಿಂತಾಗ ಗ್ರಾಹಕನ ಗತಿಯೇನು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಹಳೆಯ ವಸ್ತುವಿಗೆ ಗ್ಯಾರಂಟಿ ಇಲ್ಲ, ನೋಡಿ ಕೊಂಡಿದ್ದೀರಿ, ಅನುಭವಿಸಿ. ಈ ಉತ್ತರ ಕಾನೂನಿನ ದೃಷ್ಟಿಯಲ್ಲಿ ಅರ್ಧ ಸತ್ಯ ಮಾತ್ರ. ಕಾನೂನು ಕಳೆದ ಕೆಲವು ವರ್ಷಗಳಲ್ಲಿ ಗ್ರಾಹಕನ ಮನೆಬಾಗಿಲಿನ ಸಮೀಪಕ್ಕೇ ಬಂದಿದೆ. ಆದರೆ ಅದು ಹಿಡಿಯಬೇಕಾದ ಕೈ, ಅಂದರೆ ಮಾರಾಟಗಾರನ ಕೈ, ಈ ವ್ಯವಹಾರದ ಯಾವ ಕಾಗದದಲ್ಲಿಯೂ ಕಾಣುವುದಿಲ್ಲ. ನಿಜವಾದ ತೊಡಕು ಇರುವುದು ಇಲ್ಲಿ.

ವ್ಯವಹಾರ ನಡೆಯುವ ಬಗೆಯನ್ನು ಗಮನಿಸಬೇಕು. ಮೂಲ ಮಾಲೀಕನು ಕಾರನ್ನು ವ್ಯಾಪಾರಿಗೆ ಒಪ್ಪಿಸುವಾಗ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಿ, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಕೊಡುತ್ತಾನೆ. ವ್ಯಾಪಾರಿಯು ತಿಂಗಳುಗಟ್ಟಲೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಬಣ್ಣ ಬಳಿಸಿ, ಸೀಟಿನ ಹೊದಿಕೆ ಬದಲಿಸಿ, ಲಾಭವಿಟ್ಟು ಮಾರುತ್ತಾನೆ. ಖಾಲಿ ಜಾಗದಲ್ಲಿ ಹೊಸ ಗ್ರಾಹಕನ ಹೆಸರು ಬೀಳುತ್ತದೆ. ಸರ್ಕಾರದ ದಾಖಲೆಯಲ್ಲಿ ಕಾರು ಹೈದರಾಬಾದಿನ ಅಥವಾ ಲಾತೂರಿನ ಅಪರಿಚಿತನಿಂದ ನೇರವಾಗಿ ಬಸವಕಲ್ಯಾಣದ ನಿವಾಸಿಗೆ ಬಂದಂತಾಗುತ್ತದೆ. ನಡುವೆ ನಿಂತು ಹಣ ಎಣಿಸಿಕೊಂಡವನು ಎಲ್ಲಿಯೂ ಇಲ್ಲ. ಹಣದ ಒಂದು ಭಾಗ ನಗದು, ರಸೀದಿ ಇಲ್ಲ, ಇದ್ದರೂ ಮೊಹರಿಲ್ಲದ ಚೀಟಿ. ದೋಷದ ಮಾತೆತ್ತಿದರೆ "ನಾನು ಕೇವಲ ದಲಾಲಿ" ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ.

ಬಿಲ್ಲು ಕೊಡದಿರುವುದಕ್ಕೆ ತೆರಿಗೆಯೂ ಒಂದು ಕಾರಣವೆಂದು ಊಹಿಸಬಹುದು. ನೋಂದಾಯಿತ ವ್ಯಾಪಾರಿಯು ಹಳೆಯ ಕಾರಿನ ಮೇಲೆ ಗಳಿಸುವ ಲಾಭದ ಅಂತರಕ್ಕೆ 2025ರ ಜನವರಿಯಿಂದ ಶೇ 18ರಷ್ಟು ಜಿಎಸ್‌ಟಿ ಸಲ್ಲಬೇಕು. ಅದಕ್ಕೂ ಮೊದಲು ಸಣ್ಣ ಕಾರುಗಳಿಗೆ ಇದು ಶೇ 12 ಇತ್ತು. ಖಾಸಗಿ ವ್ಯಕ್ತಿಯೊಬ್ಬ ತನ್ನ ಕಾರನ್ನು ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಈ ತೆರಿಗೆ ಇಲ್ಲ. ಹೀಗಾಗಿ ವ್ಯಾಪಾರಿಗೆ ಕಾಗದದಿಂದ ಮರೆಯಾಗುವುದರಲ್ಲಿ ಎರಡು ಲಾಭ: ತೆರಿಗೆಯಿಂದಲೂ ಮುಕ್ತಿ, ಹೊಣೆಯಿಂದಲೂ ಮುಕ್ತಿ.

ಕಾನೂನು ಹೇಳುವುದೇನು?

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಕೊಳ್ಳುವವನೇ ಎಚ್ಚರ ವಹಿಸಬೇಕೆಂಬ ಹಳೆಯ ತತ್ವವನ್ನು ಒಪ್ಪಿಕೊಂಡಿದೆ, ನಿಜ. ಆದರೆ ಅದೇ ಕಲಮಿನಲ್ಲಿ ವಿನಾಯಿತಿಗಳೂ ಇವೆ. ಯಾವ ಉದ್ದೇಶಕ್ಕೆಂದು ಹೇಳಿ, ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ ಕೊಂಡ ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕು ಎಂಬುದು ಅವುಗಳಲ್ಲೊಂದು. 15ನೇ ಕಲಮಿನ ಪ್ರಕಾರ ವಿವರಣೆ ನೀಡಿ ಮಾರಿದ ಸರಕು ಆ ವಿವರಣೆಗೆ ತಕ್ಕಂತೆ ಇರಲೇಬೇಕು. "ಒಬ್ಬರೇ ಮಾಲೀಕರು, ಅಪಘಾತವಾಗಿಲ್ಲ, 40 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ" ಎಂದು ಹೇಳಿ ಮಾರಿದ ಕಾರು ಮೂವರ ಕೈ ದಾಟಿ, ಒಮ್ಮೆ ಡಿಕ್ಕಿ ಹೊಡೆದು, ಮೀಟರು ಹಿಂದಕ್ಕೆ ತಿರುಗಿಸಿಕೊಂಡು ಬಂದದ್ದಾದರೆ ಅದು ಹಳೆಯ ವಸ್ತುವಿನ ಸಹಜ ಸವಕಳಿ ಅಲ್ಲ, ಸುಳ್ಳು ವಿವರಣೆ. ಈ ಎರಡರ ವ್ಯತ್ಯಾಸವೇ ಇಂತಹ ವ್ಯಾಜ್ಯಗಳ ತಿರುಳು. ಎಂಟು ವರ್ಷದ ಕಾರಿನ ಕ್ಲಚ್ ಪ್ಲೇಟ್ ಸವೆದಿದೆ ಎಂದು ದೂರಿದರೆ ಯಾವ ಆಯೋಗವೂ ಕಿವಿಗೊಡಲಾರದು. ನೆರೆಯಲ್ಲಿ ಮುಳುಗಿದ ಕಾರನ್ನು ತೊಳೆದು ಒಣಗಿಸಿ, ಆ ಸಂಗತಿ ಮುಚ್ಚಿಟ್ಟು ಮಾರಿದರೆ ಮಾತು ಬೇರೆ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹಲವು ಬಡಾವಣೆಗಳು ಜಲಾವೃತಗೊಂಡು ವಾಹನಗಳು ನೀರಿನಲ್ಲಿ ಕೊಚ್ಚಿ ಹೋದದ್ದನ್ನು ಓದುಗರು ಮರೆತಿರಲಾರರು. ಆ ನಗರವು ಹುಮನಾಬಾದಿನಿಂದ ಕೆಲವೇ ಗಂಟೆಗಳ ದಾರಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈ 20ರಂದು ಜಾರಿಗೆ ಬಂದಿತು. ಗಡಿ ತಾಲ್ಲೂಕುಗಳ ಮಟ್ಟಿಗೆ ಅದರ ಅತಿ ಮುಖ್ಯ ಬದಲಾವಣೆ 34ನೇ ಕಲಮಿನಲ್ಲಿದೆ. 1986ರ ಕಾಯ್ದೆಯಡಿ ಎದುರುದಾರನು ಇರುವ ಅಥವಾ ವ್ಯಾಜ್ಯದ ಕಾರಣ ಉಂಟಾದ ಸ್ಥಳದಲ್ಲಿಯೇ ದೂರು ಸಲ್ಲಿಸಬೇಕಾಗಿತ್ತು. ಸೊಲ್ಲಾಪುರದಲ್ಲಿ ಕೊಂಡ ಕಾರಿಗೆ ಸೊಲ್ಲಾಪುರದ ವೇದಿಕೆ, ಮರಾಠಿಯ ವಕೀಲರು, ಪ್ರತಿ ತಾರೀಖಿಗೂ ಬಸ್ಸಿನ ಖರ್ಚು. ಎರಡನೇ ತಾರೀಖಿಗೇ ಕೈಬಿಟ್ಟವರೇ ಹೆಚ್ಚಿರಬೇಕು. ಈಗ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಕಾರು ಕೊಂಡದ್ದು ಹೈದರಾಬಾದಿನಲ್ಲಾದರೂ ವಿಚಾರಣೆ ಬೀದರಿನಲ್ಲಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಅಂತರ್ಜಾಲ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಏರ್ಪಾಡೂ ಇದೆ.

ಬಿಲ್ಲು ಕೊಡದಿರುವುದನ್ನೇ ಈ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿರುವುದು ಇಲ್ಲಿ ಗಮನಾರ್ಹ. ದಲಾಲಿಯೆಂದು ಹೇಳಿಕೊಂಡು ಜಾರಿಕೊಳ್ಳುವವನಿಗೆ ಇದು ಅಷ್ಟು ಸುಲಭದ ದಾರಿಯನ್ನು ಬಿಡುವುದಿಲ್ಲ. ಆದರೆ ಹಣ ಅವನ ಕೈಗೇ ಸಂದಿತೆಂಬುದನ್ನು ಗ್ರಾಹಕನು ತೋರಿಸಬೇಕು. ಬ್ಯಾಂಕ್ ಮೂಲಕ ಅಥವಾ ಯುಪಿಐ ಮೂಲಕ ಕೊಟ್ಟ ಹಣದ ದಾಖಲೆ, ಮೊಬೈಲಿಗೆ ಬಂದ ಸಂದೇಶ, ಕಾರಿನ ಚಿತ್ರದೊಡನೆ ಅವನು ಕಳುಹಿಸಿದ ಜಾಹೀರಾತು ಇವೇ ಅಂಥಲ್ಲಿ ಬಿಲ್ಲಿನ ಸ್ಥಾನ ತುಂಬಬೇಕಾಗುತ್ತದೆ. ಪೂರ್ತಿ ನಗದಿನಲ್ಲಿ ಕೊಟ್ಟವರ ಪಾಡು ಕಷ್ಟ.

ಮಾರಾಟಗಾರನ ಹೊಣೆ ಎಲ್ಲಿಯವರೆಗೆ ಎಂಬುದಕ್ಕೆ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಮಾನಿಸಿದ ಗೋವಾದ ಪ್ರಕರಣವೊಂದು ಬೆಳಕು ಚೆಲ್ಲುತ್ತದೆ. 2011ರ ಮಾದರಿಯ ಹೊಸ ಕಾರೆಂದು ಹಣ ಪಡೆದು 622 ಕಿಲೋಮೀಟರ್ ಓಡಿದ್ದ 2009ರ ಮಾದರಿಯ ಕಾರನ್ನು ಗ್ರಾಹಕನಿಗೆ ದಾಟಿಸಲಾಗಿತ್ತು. ತಯಾರಕ ಸಂಸ್ಥೆಯಾದ ಟಾಟಾ ಮೋಟರ್ಸ್‌ಗೆ ಇದರ ಅರಿವಿತ್ತೆಂದು ತೋರಿಸದ ಹೊರತು ಅದನ್ನು ಹೊಣೆಯಾಗಿಸಲಾಗದು ಎಂದ ನ್ಯಾಯಾಲಯ, ಮಾರಾಟಗಾರನ ಹೊಣೆಯನ್ನು ಮಾತ್ರ ಹಾಗೆಯೇ ಉಳಿಸಿತು. ಅದು ಹೊಸ ಕಾರಿನ ಹೆಸರಿನಲ್ಲಿ ನಡೆದ ವ್ಯವಹಾರವಾದರೂ ತತ್ವ ಸ್ಪಷ್ಟ: ಸುಳ್ಳು ಹೇಳಿ ಮಾರಿದವನೇ ಉತ್ತರಿಸಬೇಕು. ದೊಡ್ಡ ಕಂಪನಿಯ ಹೆಸರು ನೋಡಿ ಅದರ ಮೇಲೆಯೇ ದೂರು ಹೂಡುವವರು ಇದನ್ನು ಓದಿಕೊಳ್ಳುವುದು ಲೇಸು.

ಟ್ಯಾಕ್ಸಿ ಓಡಿಸಲು ಕೊಂಡವರು ಗ್ರಾಹಕರೇ ಅಲ್ಲ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದು ವಾಹನ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿಯೇ ಆಟೊರಿಕ್ಷಾದ ಉದಾಹರಣೆ ಸಹಿತ ಹೇಳಿದೆ. ಚಾಲಕನನ್ನಿಟ್ಟು ನಾಲ್ಕಾರು ವಾಹನ ಓಡಿಸುವವರಿಗೆ ಈ ರಕ್ಷಣೆ ಇಲ್ಲ.

ಸಾಕ್ಷ್ಯ ಅಳಿಸುವ ರಿಪೇರಿ

ಬಸವಕಲ್ಯಾಣವು ಬಸವಣ್ಣನವರ ಕರ್ಮಭೂಮಿಯೆಂದು ನಾಡಿಗೆಲ್ಲ ಪರಿಚಿತ; ಲಾರಿ ಮಾಲೀಕರಿಗೂ ಚಾಲಕರಿಗೂ ಅದು ವಾಹನ ದುರಸ್ತಿಯ ಊರೆಂದೂ ಗೊತ್ತು. ಎಂಜಿನ್ ಬಿಚ್ಚಿ ಜೋಡಿಸಬಲ್ಲ ಕುಶಲ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ವಿಚಿತ್ರವೆಂದರೆ ಈ ಅನುಕೂಲವೇ ಹಲವು ಬಾರಿ ಗ್ರಾಹಕನಿಗೆ ಮುಳುವಾಗಬಲ್ಲದು. ಕಾರು ಕೆಟ್ಟ ಮರುದಿನವೇ ಪರಿಚಯದ ಮೇಸ್ತ್ರಿಯ ಬಳಿ ಒಯ್ದು, ಹಳೆಯ ಭಾಗಗಳನ್ನು ಗುಜರಿಗೆ ಹಾಕಿಸಿ, ಹೊಸದನ್ನು ಕೂಡಿಸಿದ ಮೇಲೆ ಆಯೋಗದ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಕಾಯ್ದೆಯ 38ನೇ ಕಲಮಿನಂತೆ ಪರೀಕ್ಷೆಯಿಲ್ಲದೆ ದೋಷ ನಿರ್ಣಯಿಸಲಾಗದ ಸರಕನ್ನು ಆಯೋಗವು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಪರೀಕ್ಷಿಸಲು ದೋಷವಾದರೂ ಇರಬೇಕಲ್ಲ!

ಆದ್ದರಿಂದ ದೋಷ ಕಂಡ ಕೂಡಲೇ ಲಿಖಿತವಾಗಿ ಮಾರಾಟಗಾರನಿಗೆ ತಿಳಿಸುವುದು, ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳುಹಿಸುವುದು, ಆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಿಂದ ತಪಾಸಣಾ ವರದಿ ಪಡೆಯುವುದು ರಿಪೇರಿಗೆ ಮೊದಲೇ ಆಗಬೇಕಾದ ಕೆಲಸ. ಅಧಿಕೃತ ಕೇಂದ್ರದ ಹಿಂದಿನ ಸರ್ವಿಸ್ ದಾಖಲೆಗಳಿಗೆ ವಿಶೇಷ ಬೆಲೆಯಿದೆ. ಮೂರು ವರ್ಷಗಳ ಹಿಂದೆಯೇ 90 ಸಾವಿರ ಕಿಲೋಮೀಟರ್ ಎಂದು ಬರೆದಿದ್ದ ಕಾರು ಇಂದು 55 ಸಾವಿರ ತೋರಿಸುತ್ತಿದ್ದರೆ ಬೇರೆ ತಜ್ಞರ ಸಾಕ್ಷ್ಯದ ಅಗತ್ಯವೇ ಬೀಳದು. ಬೆಲೆ ಮಾತಾಡುವ ಮುನ್ನವೇ ಈ ದಾಖಲೆ ಕೇಳಿದರೆ ವ್ಯಾಜ್ಯವೇ ಹುಟ್ಟದಿರಬಹುದು.

"ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ" ಎಂಬ ಸಾಲಿಗೆ ಸಹಿ ಮಾಡಿಸಿಕೊಳ್ಳುವ ರೂಢಿಯೂ ಇದೆ. ಸ್ಪಷ್ಟ ಒಪ್ಪಂದದ ಮೂಲಕ ಕೆಲವು ಸೂಚಿತ ಷರತ್ತುಗಳನ್ನು ಕೈಬಿಡಲು ಸರಕು ಮಾರಾಟ ಕಾಯ್ದೆಯ 62ನೇ ಕಲಮು ಅವಕಾಶ ನೀಡುತ್ತದೆ. ಹೀಗಾಗಿ ಆ ಸಾಲು ಪೂರ್ತಿ ನಿರರ್ಥಕವಲ್ಲ. ಆದರೆ ತಿಳಿದೂ ಮುಚ್ಚಿಟ್ಟ ಮೋಸಕ್ಕೆ ಅದು ಗುರಾಣಿಯಾಗದು.

ಗಡಿ ದಾಟಿದ ಕಾರಿನ ದೋಷ ಎಂಜಿನ್ನಿನಲ್ಲಿಯೇ ಇರಬೇಕೆಂದಿಲ್ಲ. 1956ರ ನವೆಂಬರ್ 1ರವರೆಗೆ ಬೀದರ್ ಮತ್ತು ಹೈದರಾಬಾದ್ ಒಂದೇ ಸಂಸ್ಥಾನ, ನಂತರ ಒಂದೇ ರಾಜ್ಯ. ಇಂದಿಗೂ ವ್ಯಾಪಾರಕ್ಕೂ ಆಸ್ಪತ್ರೆಗೂ ಜನ ಅಲ್ಲಿಗೇ ಹೋಗುತ್ತಾರೆ. ಗಡಿ ನೆನಪಾಗುವುದು ಸಾರಿಗೆ ಕಚೇರಿಯಲ್ಲಿ. ತೆಲಂಗಾಣ ಅಥವಾ ಮಹಾರಾಷ್ಟ್ರದ ಕಾರಿಗೆ ಬಸವಕಲ್ಯಾಣದ ಕೆಎ-56 ಸಂಖ್ಯೆ ಸಿಗಬೇಕಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಸಾಲವಿದ್ದರೆ ಅದು ತೀರಿದ ಬಗ್ಗೆ 35ನೇ ನಮೂನೆ ಬೇಕು, ಕರ್ನಾಟಕದ ಆಜೀವ ತೆರಿಗೆಯನ್ನು ಕಾರಿನ ವಯಸ್ಸಿಗೆ ಅನುಗುಣವಾಗಿ ಕಟ್ಟಬೇಕು. ಅಗ್ಗವೆಂದು ಕೊಂಡ ಕಾರಿನ ಅಗ್ಗತನ ಬಹುಪಾಲು ಇಲ್ಲಿಯೇ ಕರಗುತ್ತದೆ. ಸಾಲ ತೀರದ ಕಾರನ್ನು ತೀರಿದೆಯೆಂದು ಮಾರಿದ್ದರೆ ಹಣಕಾಸು ಸಂಸ್ಥೆಯವರು ಮನೆಮುಂದೆ ಬಂದು ನಿಲ್ಲುವ ದಿನವೂ ಬರಬಹುದು. ಮಾರುವ ಹಕ್ಕೇ ಇಲ್ಲದ ಸರಕು ಮಾರಿದವನು ಹಣ ಹಿಂದಿರುಗಿಸಬೇಕಾಗುತ್ತದೆ. ಆದರೆ ಮತ್ತೆ ಅದೇ ಪ್ರಶ್ನೆ, ಮಾರಿದವನು ಯಾರು?

ಹೆಸರು ವರ್ಗಾವಣೆಯಾಗದೆ ಕಾರು ಓಡಾಡುವುದರ ಅಪಾಯ ಹಳೆಯ ಮಾಲೀಕನಿಗೂ ಇದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಸ್ಫೋಟಗೊಂಡ ಕಾರು ಹಲವರ ಕೈ ದಾಟಿ ಬಂದಿತ್ತು. ಪೊಲೀಸರು ಮೊದಲು ಹುಡುಕಿಕೊಂಡು ಹೋದದ್ದು ಅದನ್ನು ಎಂದೋ ಮಾರಿದ್ದ ವ್ಯಕ್ತಿಯನ್ನು. ಕೊಂಡವರಿಗೆ ವಿಮೆಯ ಚಿಂತೆ ಬೇರೆ. ವರ್ಗಾವಣೆಯೊಡನೆ ತಾನಾಗಿ ಮುಂದುವರಿಯುವುದು ಮೂರನೆಯವರಿಗೆ ಸಂಬಂಧಿಸಿದ ವಿಮೆ ಮಾತ್ರ; ಸ್ವಂತ ಕಾರಿನ ಹಾನಿಗೆ ಪರಿಹಾರ ಬೇಕಾದರೆ ಪಾಲಿಸಿಯೂ ಹೊಸ ಹೆಸರಿಗೆ ಬದಲಾಗಿರಬೇಕು.

ಮರೆಯಾದ ಮಾರಾಟಗಾರನನ್ನು ಕಾಗದಕ್ಕೆ ಎಳೆತರುವ ಪ್ರಯತ್ನವೊಂದು ಆಗಿದೆ. ಕೇಂದ್ರ ಸಾರಿಗೆ ಸಚಿವಾಲಯವು 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಹಳೆಯ ವಾಹನಗಳ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು. ಮಾಲೀಕನು ಕಾರನ್ನು ಅವನಿಗೆ ಒಪ್ಪಿಸಿದ ವಿಷಯವನ್ನು 29ಸಿ ನಮೂನೆಯಲ್ಲಿ ತಿಳಿಸಬೇಕು. ಅಲ್ಲಿಂದ ಮುಂದೆ ವಾಹನ ಮತ್ತೊಬ್ಬರ ಹೆಸರಿಗೆ ಆಗುವವರೆಗೆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಕಾರು ಎಲ್ಲೆಲ್ಲಿ ಓಡಿತು ಎಂಬ ದಾಖಲೆಯನ್ನೂ ಅವನು ಇಡಬೇಕು. ಖಾಲಿ ನಮೂನೆಗಳ ಸಂಸ್ಕೃತಿಗೆ ಇದಕ್ಕಿಂತ ನೇರವಾದ ಮದ್ದು ಇನ್ನೊಂದಿಲ್ಲ. ಈ ನಿಯಮ ಸಾರ್ವಜನಿಕರಿಗೆ ತಲುಪಿರುವುದು ಮಾತ್ರ ತೀರಾ ಕಡಿಮೆ. ಕಾರು ಕೊಳ್ಳಲು ಹೋದಾಗ ಬಣ್ಣ, ಟೈರು, ಮ್ಯೂಸಿಕ್ ಸಿಸ್ಟಂ ವಿಚಾರಿಸುವ ನಾವು ಅಧಿಕಾರಪತ್ರ ತೋರಿಸಿ ಎಂದು ಕೇಳಿದ್ದುಂಟೇ? ಅಧಿಕಾರಪತ್ರ ಪಡೆದ ವ್ಯಾಪಾರಿಗಳ ಹೆಸರುಗಳನ್ನು ಬೀದರ್, ಭಾಲ್ಕಿ, ಬಸವಕಲ್ಯಾಣದ ಸಾರಿಗೆ ಕಚೇರಿಗಳ ಮುಂದೆ ಫಲಕದಲ್ಲಿ ಬರೆದು ತೂಗುಹಾಕಲು ಹೊಸ ಕಾನೂನೇನೂ ಬೇಕಿಲ್ಲ.

ಹೊರದೇಶಗಳಲ್ಲಿ ಈ ಕೆಲಸ ಇನ್ನೂ ಸರಳವಾಗಿ ನಡೆದಿದೆ. ಅಮೆರಿಕದಲ್ಲಿ 1985ರಿಂದ ವ್ಯಾಪಾರಿಯು ಪ್ರತಿ ಹಳೆಯ ಕಾರಿನ ಮೇಲೆಯೂ ವಾರಂಟಿ ಉಂಟೋ ಇಲ್ಲವೋ ಎಂಬ ಚೀಟಿ ಅಂಟಿಸಬೇಕು. ಬ್ರಿಟನ್ನಿನ 2015ರ ಕಾಯ್ದೆಯಂತೆ ವ್ಯಾಪಾರಿಯಿಂದ ಕೊಂಡ ಹಳೆಯ ಕಾರೂ ದೋಷಪೂರಿತವಾಗಿದ್ದರೆ 30 ದಿನಗಳೊಳಗೆ ಮರಳಿಸಿ ಹಣ ಪಡೆಯಬಹುದು. ಹಳೆಯ ಕಾರಿನ ಸಂತೆಯಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ, ಇದರಿಂದ ಒಳ್ಳೆಯ ಕಾರುಗಳೇ ಸಂತೆಯಿಂದ ಹೊರಬೀಳುತ್ತವೆ ಎಂದು 1970ರಲ್ಲಿ ಪ್ರಬಂಧ ಬರೆದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರಿಗೆ 2001ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಪ್ರಾಮಾಣಿಕವಾಗಿ ಬಿಲ್ಲು ಕೊಟ್ಟು, ದೋಷ ಹೇಳಿಯೇ ಮಾರುವ ನಮ್ಮ ಊರಿನ ವ್ಯಾಪಾರಿಗೂ ಇದರಿಂದಲೇ ಪೆಟ್ಟು. ಪಕ್ಕದ ಅಂಗಳದ ಬಿಲ್ಲಿಲ್ಲದ ಕಾರು 20 ಸಾವಿರ ಕಡಿಮೆಗೆ ಹೋಗುತ್ತದೆ.

ಈಗಾಗಲೇ ಕಾರು ಕೊಂಡು ಕೈಸುಟ್ಟುಕೊಂಡವರು ನೆನಪಿಡಬೇಕಾದ ಅವಧಿ ಎರಡು ವರ್ಷ. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಜಿಲ್ಲಾ ಆಯೋಗ ತಲುಪಬೇಕು. ವಿಳಂಬಕ್ಕೆ ಸಕಾರಣವಿದ್ದರೆ ಆಯೋಗ ಮನ್ನಿಸಬಹುದು. ಆಯೋಗದ ಆದೇಶ ಪಾಲಿಸದವನಿಗೆ ಕಾಯ್ದೆಯ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದೂರು ಕೊಡುವ ಮೊದಲು ಸಲಹೆ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ.