ಬರ್ಮುಡಾಕ್ಕೆ ಹೊರಡುವ ಮೊದಲು

ಈ ಸಲ ಒಬ್ಬ ಸಹೋದರಿಯ ದೀರ್ಘ ಪತ್ರಕ್ಕೆ ಇಡೀ ಅಂಕಣವನ್ನು ಬಿಟ್ಟುಕೊಡುತ್ತಿದ್ದೇನೆ. ಊರು, ಹೆಸರು ಬರೆಯುವುದಿಲ್ಲ. ಉಳಿದದ್ದನ್ನು ಬರೆಯಲು ಫೋನಿನಲ್ಲಿ ಅವರ ಒಪ್ಪಿಗೆ ಪಡೆದಿದ್ದೇನೆ.

ಅವರ ಯಜಮಾನರು ಇಪ್ಪತ್ತೇಳು ವರ್ಷ ದಮ್ಮಾಮ್ ಬಂದರಿನಲ್ಲಿ ದುಡಿದವರು. ದಿನವೂ ಹಡಗು ನೋಡಿದ್ದಾರೆ, ಒಂದು ದಿನವೂ ಪ್ರಯಾಣಿಕರಾಗಿ ಹಡಗು ಹತ್ತಿಲ್ಲ. ಈಗ ನ್ಯೂಜೆರ್ಸಿಯಲ್ಲಿರುವ ಮಗ ಅಪ್ಪ ಅಮ್ಮನನ್ನು ಕರೆಸಿಕೊಂಡು, ಸೊಸೆ ಮಕ್ಕಳೊಂದಿಗೆ ಎಲ್ಲರನ್ನೂ ಹಡಗಿನಲ್ಲಿ ಬರ್ಮುಡಾ ದ್ವೀಪಕ್ಕೆ ಕರೆದೊಯ್ಯುವ ಯೋಜನೆ ಹಾಕಿದ್ದಾನೆ. ಯಜಮಾನರು ಸಣ್ಣ ಮಗುವಿನಂತೆ ದಿನ ಎಣಿಸುತ್ತಿದ್ದಾರಂತೆ. ಸಹೋದರಿಗೆ ಮಾತ್ರ ನಿದ್ದೆಯಿಲ್ಲ. ಊಟ ಹೇಗೆ, ನಮಾಝ್ ಹೇಗೆ, ಬರ್ಮುಡಾ ತ್ರಿಕೋನ ಎಂದು ಕೇಳಿದ್ದೇವಲ್ಲ, ಅದು ಇದೇನಾ? ಪತ್ರದ ಕೊನೆಯಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ಇನ್ನೆರಡು ಸಾಲು: ಎರಡು ವರ್ಷಗಳ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಗನಿಗೆ ಗ್ಯಾಸ್ ಟ್ರಬಲ್ ಎಂದಷ್ಟೇ ಹೇಳಿದ್ದೇವೆ.

ಸಹೋದರಿ, ಆ ಎರಡು ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ತ್ರಿಕೋನದ ಭಯವನ್ನು ಮುಗಿಸಿಬಿಡೋಣ.

ಹೌದು, ಅದೇ ಬರ್ಮುಡಾ. ಆದರೆ ‘ಬರ್ಮುಡಾ ತ್ರಿಕೋನ’ ಎಂಬ ಹೆಸರು ಹುಟ್ಟಿದ್ದು 1964ರಲ್ಲಿ, ಅಮೆರಿಕದ ಒಂದು ಪತ್ರಿಕೆಯ ಲೇಖನದಲ್ಲಿ. 1974ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕ ಅದನ್ನು ಜಗತ್ತಿಗೆಲ್ಲ ಹರಡಿತು. ಮರುವರ್ಷವೇ ಲಾರೆನ್ಸ್ ಕುಶೆ ಎಂಬ ಗ್ರಂಥಪಾಲಕರು ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದಾಗ ಎಷ್ಟೋ ಕತೆಗಳಿಗೆ ಉಪ್ಪು ಖಾರ ಹಚ್ಚಲಾಗಿತ್ತು ಎಂದು ಗೊತ್ತಾಯಿತು. ನಮ್ಮ ಪತ್ರಿಕೆಗಳೂ ವರ್ಷಗಟ್ಟಲೆ ಈ ಕತೆಯನ್ನು ಮಾರಿವೆ, ನಾನೂ ಹುಡುಗಿಯಾಗಿದ್ದಾಗ ಓದಿ ಹೆದರಿದವಳೇ. ಬರ್ಮುಡಾದ ಸುತ್ತ ಮುನ್ನೂರಕ್ಕೂ ಹೆಚ್ಚು ಹಡಗುಗಳು ಮುಳುಗಿರುವುದು ನಿಜ. ಕಾರಣ ದ್ವೀಪವನ್ನು ಸುತ್ತುವರಿದಿರುವ ಹವಳದ ದಿಬ್ಬಗಳು. 1609ರಲ್ಲಿ ವರ್ಜೀನಿಯಾಕ್ಕೆ ಹೊರಟಿದ್ದ ‘ಸೀ ವೆಂಚರ್’ ಎಂಬ ಇಂಗ್ಲಿಷ್ ಹಡಗು ಬಿರುಗಾಳಿಗೆ ಸಿಕ್ಕಿ ಆ ದಿಬ್ಬಕ್ಕೇ ಬಡಿಯಿತು. ಅದರಲ್ಲಿದ್ದ ಸುಮಾರು 150 ಜನರೂ ದಡ ಸೇರಿದರು, ಅಲ್ಲಿನ ಸೀಡರ್ ಮರಗಳಿಂದ ಎರಡು ಚಿಕ್ಕ ಹಡಗು ಕಟ್ಟಿಕೊಂಡು ಮರುವರ್ಷ ಮುಂದೆ ಹೋದರು. ದ್ವೀಪದಲ್ಲಿ ಜನವಸತಿ ಶುರುವಾದದ್ದೇ ಹೀಗೆ. ಈಗ ಪ್ರತಿ ವರ್ಷ ಲಕ್ಷಾಂತರ ಜನ ಹಡಗಿನಲ್ಲೇ ಹೋಗಿ ಬರುತ್ತಾರೆ.

ನ್ಯೂಯಾರ್ಕಿನಿಂದ ಬರ್ಮುಡಾ ಸುಮಾರು 1,250 ಕಿಲೋಮೀಟರ್. ಮ್ಯಾನ್‌ಹಟನ್‌ನಿಂದಲೋ ನ್ಯೂಜೆರ್ಸಿಯ ಬೇಯೋನ್‌ನಿಂದಲೋ ಸಂಜೆ ಹೊರಟ ಹಡಗು ಒಂದು ಪೂರ್ತಿ ದಿನ, ಕೆಲವು ವೇಳಾಪಟ್ಟಿಗಳಲ್ಲಿ ಎರಡು ದಿನ, ಸಮುದ್ರದಲ್ಲೇ ಇರುತ್ತದೆ. ನಡುವೆ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚಗಿನ ಪ್ರವಾಹವನ್ನು ದಾಟುವಾಗ ಹಡಗು ಸ್ವಲ್ಪ ತೂಗಾಡಬಹುದು. ಆದ್ದರಿಂದ ಕ್ಯಾಬಿನ್ ಕಾಯ್ದಿರಿಸುವಾಗ ಕೆಳಗಿನ ಮಹಡಿಯಲ್ಲಿ, ಹಡಗಿನ ಮಧ್ಯಭಾಗದಲ್ಲಿ ಕೊಡಿ ಎಂದು ಮಗನಿಗೆ ಹೇಳಿಸಿ. ತೊಟ್ಟಿಲಿನ ನಡುವೆ ಮಲಗಿದ ಮಗುವಿಗೆ ತೂಗಾಟ ಕಡಿಮೆಯಲ್ಲವೇ, ಹಾಗೆ. ಬಾಲ್ಕನಿ ಇರುವ ಕ್ಯಾಬಿನ್ ಚೆನ್ನ, ಆದರೆ ದುಬಾರಿ. ಕಿಟಕಿ ಇದ್ದರೆ ಸಾಕು. ಕಿಟಕಿಯೇ ಇಲ್ಲದ ಒಳಕೋಣೆ ಮಾತ್ರ ನಿಮ್ಮಂಥ ಭಯದವರಿಗೆ ಬೇಡ.

ಯಾವಾಗ ಹೋಗಬೇಕು? ಹಡಗುಗಳು ಹೆಚ್ಚಾಗಿ ಓಡುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಏಪ್ರಿಲ್‌ನಲ್ಲಿ ಸಮುದ್ರದ ನೀರು ತಣ್ಣಗಿರುತ್ತದೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್ ಜೋರು. 2003ರ ಸೆಪ್ಟೆಂಬರ್‌ನಲ್ಲಿ ‘ಫೇಬಿಯನ್’ ಚಂಡಮಾರುತ ವಿಮಾನ ನಿಲ್ದಾಣಕ್ಕೆ ಹೋಗುವ ಸೇತುರಸ್ತೆಯನ್ನೇ ಒಡೆದು ನಾಲ್ಕು ಜೀವ ತೆಗೆದುಕೊಂಡಿತು. ಬಿರುಗಾಳಿಯ ಸೂಚನೆ ಇದ್ದರೆ ಹಡಗಿನವರು ದಾರಿ ಬದಲಿಸಿ ಬೇರೆಲ್ಲಿಗೋ ಕರೆದೊಯ್ಯುತ್ತಾರೆ. ಬರ್ಮುಡಾ ತೋರಿಸಲಿಲ್ಲ ಎಂದು ಹಣ ವಾಪಸು ಕೇಳುವಂತಿಲ್ಲ, ಟಿಕೆಟಿನ ಷರತ್ತಿನಲ್ಲೇ ಅದನ್ನು ಬರೆದಿರುತ್ತಾರೆ. ನನ್ನನ್ನು ಕೇಳಿದರೆ ಮೇ ಕೊನೆ ಅಥವಾ ಜೂನ್ ಮೊದಲು.

ಇನ್ನು ಕಾಗದಪತ್ರ. ಇಲ್ಲಿ ನಮ್ಮ ಕುಟುಂಬ ಒಮ್ಮೆ ಕೈ ಸುಟ್ಟುಕೊಂಡಿದೆ. ಬರ್ಮುಡಾ ಬ್ರಿಟನ್ನಿಗೆ ಸೇರಿದ ಪ್ರದೇಶ, ಅಮೆರಿಕವಲ್ಲ. ನ್ಯೂಯಾರ್ಕಿನ ಹಡಗುಕಟ್ಟೆ ಬಿಟ್ಟಿರಿ ಎಂದರೆ ನೀವು ದೇಶ ಬಿಟ್ಟಂತೆ. ವಾಪಸಾಗುವಾಗ ಮತ್ತೆ ಅಮೆರಿಕದ ಒಳಗೆ ಬರಲು ವೀಸಾ ಬೇಕು. ಅದು ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾ ಆಗಿರಬೇಕು. ಬರ್ಮುಡಾ ಬಿಟ್ಟ ಮೇಲೂ ಕನಿಷ್ಠ 45 ದಿನ ಅದರ ಅವಧಿ ಉಳಿದಿರಬೇಕೆಂದು ಬರ್ಮುಡಾ 2014ರಲ್ಲಿ ನಿಯಮ ಮಾಡಿದೆ. ನಿಮ್ಮ ಮತ್ತು ಯಜಮಾನರ ಸಂದರ್ಶಕ ವೀಸಾ ಹತ್ತು ವರ್ಷದ್ದು ಎಂದು ಬರೆದಿದ್ದೀರಿ, ಅದರಲ್ಲಿ ತೊಂದರೆ ಕಾಣುವುದಿಲ್ಲ. ನೋಡಬೇಕಾದದ್ದು ಮಗ ಸೊಸೆಯ ಪಾಸ್‌ಪೋರ್ಟ್. ಅಲ್ಲೇ ಕೆಲಸದಲ್ಲಿರುವ ನಮ್ಮ ಹುಡುಗರಿಗೆ ಅಲ್ಲಿ ಉಳಿಯುವ ಅನುಮತಿ ಮುಂದುವರಿಯುತ್ತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಯ ತಾರೀಕು ಮುಗಿದು ವರ್ಷವಾಗಿರುತ್ತದೆ. ಊರಿಗೆ ಬರದಿದ್ದವರಿಗೆ ಅದು ನೆನಪೇ ಇರುವುದಿಲ್ಲ. ನನ್ನ ತಮ್ಮನ ಮಗನಿಗೆ ಆದದ್ದು ಅದೇ. ಹೆಂಡತಿ, ಎರಡು ಮಕ್ಕಳು, ಐದು ಸೂಟ್‌ಕೇಸ್ ಸಮೇತ ಹಡಗುಕಟ್ಟೆಯ ಕೌಂಟರಿನಿಂದ ಮನೆಗೆ ವಾಪಸು. ಟಿಕೆಟ್ ಮಾರಿದ ಏಜೆಂಟ್ ಒಂದು ಮಾತು ಕೇಳಿರಲಿಲ್ಲ. ಹಣವೂ ಹೋಯಿತು, ಚಿಕ್ಕವನು ದಾರಿಯುದ್ದಕ್ಕೂ ಅತ್ತನಂತೆ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಮನೆಮಂದಿಯ ಎಲ್ಲ ಪಾಸ್‌ಪೋರ್ಟ್‌ಗಳನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟು ತಾರೀಕು ಓದಲಿ.

ಖರ್ಚಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅದು ಮಗನ ತಲೆನೋವು. ಜಾಹೀರಾತಿನಲ್ಲಿ ಕಾಣುವ ಬೆಲೆ ತಲೆಯೊಂದಕ್ಕೆ, ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದಲ್ಲಿ. ಅದರ ಮೇಲೆ ಬಂದರು ತೆರಿಗೆ. ಸೇವಕರ ಟಿಪ್ಸ್ ಎಂದು ದಿನಕ್ಕೆ ತಲೆಗೆ ಸಾಧಾರಣ 16ರಿಂದ 20 ಡಾಲರ್ ಸೇರುತ್ತದೆ, ಮೊಮ್ಮಕ್ಕಳಿಗೂ ಸೇರಿಸಿ. ಮದ್ಯದ ಪ್ಯಾಕೇಜ್ ಎಂದು ಹಿಂದೆ ಬೀಳುತ್ತಾರೆ, ಬೇಡ ಎನ್ನಿ. ನೀರು, ಚಹಾ, ಮೂರು ಹೊತ್ತಿನ ಊಟ ಟಿಕೆಟಿನಲ್ಲೇ ಇದೆ. ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಎಲ್ಲವೂ ಒಂದು ಕಾರ್ಡಿನಲ್ಲಿ. ಮಕ್ಕಳ ಕೈಗೆ ಕೊಟ್ಟರೆ ಐಸ್‌ಕ್ರೀಮ್, ಆಟ ಎಂದು ಬಿಲ್ ಏರುವುದು ತಿಳಿಯುವುದೇ ಇಲ್ಲ. ಫೋನನ್ನು ಹತ್ತುವಾಗಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಉಪಗ್ರಹ ಸಂಪರ್ಕಕ್ಕೆ ಸಿಕ್ಕಿಕೊಂಡರೆ ಊರಿಗೆ ಮಾಡಿದ ಒಂದು ಕರೆಗೆ ಒಂದು ಸೀರೆಯ ದುಡ್ಡು ಹೋದೀತು. ಕ್ರೆಡಿಟ್ ಕಾರ್ಡಿನಲ್ಲಿ ಕಂತಿಗೆ, ಬಡ್ಡಿಗೆ ಪ್ರವಾಸ ಹೋಗುವ ಯೋಚನೆ ಇದ್ದರೆ ಒಂದು ವರ್ಷ ತಡವಾಗಿ ಹೋಗಲಿ.

ಊಟದ ವಿಷಯಕ್ಕೆ ಬರೋಣ. ಹಲಾಲ್ ಊಟ ಎಲ್ಲ ಹಡಗಿನಲ್ಲೂ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಕೆಲವು ಕಂಪನಿಗಳು ಮುಂಚಿತವಾಗಿ ಬರೆದು ಕೇಳಿದರೆ ಏರ್ಪಾಡು ಮಾಡುತ್ತವೆ. ಟಿಕೆಟ್ ಕೊಂಡ ದಿನವೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಇಲ್ಲವಾದರೆ ಮೀನು, ಮೊಟ್ಟೆ, ತರಕಾರಿ, ಹಣ್ಣು ಧಾರಾಳ. ಹಡಗಿನ ಅಡುಗೆಮನೆಯಲ್ಲಿ ನಮ್ಮ ದೇಶದ ಹುಡುಗರು ಇರುವುದು ಸಾಮಾನ್ಯ. ಗೋವಾದವರೋ ಮಂಗಳೂರಿನವರೋ ಸಿಕ್ಕಿದರೆ ಒಂದು ಸಲಾಮ್ ಹೇಳಿ, ಯಾವುದರಲ್ಲಿ ಏನು ಬಿದ್ದಿದೆ ಎಂದು ಅವರೇ ಹೇಳುತ್ತಾರೆ. ದ್ವೀಪಕ್ಕೆ ಇಳಿದ ಮೇಲೆ ಒಂದು ಎಚ್ಚರಿಕೆ: ಬರ್ಮುಡಾದ ಹೆಸರಾಂತ ಮೀನಿನ ಸೂಪಿಗೆ ರಮ್ ಮತ್ತು ಶೆರ್ರಿಯಲ್ಲಿ ನೆನೆಸಿದ ಮೆಣಸಿನ ರಸ ಹಾಕುತ್ತಾರೆ. ಮೀನೇ ತಾನೆ ಎಂದು ಕುಡಿದುಬಿಡಬೇಡಿ. ಒಣದ್ರಾಕ್ಷಿಯ ಬ್ರೆಡ್ಡಿನಲ್ಲಿ ಹುರಿದ ಮೀನಿಟ್ಟು ಕೊಡುವ ಸ್ಯಾಂಡ್‌ವಿಚ್ ಇದೆ. ಸಿಹಿ ಬ್ರೆಡ್ಡಿಗೆ ಮೀನೇ ಎಂದು ಮೂಗು ಮುರಿಯುವ ಮೊದಲು ಒಂದು ತುಂಡು ತಿಂದು ನೋಡಿ. ಅದರ ಸಾಸ್‌ನಲ್ಲಿ ಏನಿದೆ ಎಂದು ಮಾತ್ರ ಕೇಳಿಕೊಳ್ಳಿ.

ನಮಾಝ್ ಕಷ್ಟವಿಲ್ಲ. ಪ್ರಯಾಣಿಕರಿಗೆ ನಾಲ್ಕು ರಕಅತ್‌ನದ್ದು ಎರಡು. ಎರಡು ನಮಾಝ್‌ಗಳನ್ನು ಸೇರಿಸುವ ವಿಷಯ ನಿಮ್ಮ ಮದ್‌ಹಬ್‌ನ ಉಸ್ತಾದರನ್ನು ಕೇಳಿಕೊಂಡೇ ಹೊರಡಿ. ಹಡಗು ತೂಗಾಡಿ ನಿಲ್ಲಲಾಗದಿದ್ದರೆ ಕುಳಿತು ನಮಾಝ್ ಮಾಡಬಹುದು. ಊರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ರೂಢಿಯಾದ ನಮಗೆ ಬರ್ಮುಡಾದಲ್ಲಿ ಕಿಬ್ಲಾ ಈಶಾನ್ಯಕ್ಕೆ! ಹಡಗು ತಿರುಗುತ್ತಲೇ ಇರುವುದರಿಂದ ಕ್ಯಾಬಿನ್ನಿನ ಯಾವ ಗೋಡೆ ಎಂದು ಗುರುತಿಟ್ಟುಕೊಂಡರೆ ಪ್ರಯೋಜನವಿಲ್ಲ, ಪ್ರತಿ ಸಲ ದಿಕ್ಸೂಚಿ ನೋಡಿ. ಬರ್ಮುಡಾದ ಗಂಟೆ ನ್ಯೂಯಾರ್ಕಿಗಿಂತ ಒಂದು ತಾಸು ಮುಂದೆ. ರಾಜಧಾನಿ ಹ್ಯಾಮಿಲ್ಟನ್‌ನ ಸೀಡರ್ ಅವೆನ್ಯೂದಲ್ಲಿ ಮಸೀದಿ ಇದೆ.

ದೊಡ್ಡ ಹಡಗುಗಳು ನಿಲ್ಲುವುದು ದ್ವೀಪದ ಪಶ್ಚಿಮ ತುದಿಯ ಡಾಕ್‌ಯಾರ್ಡ್‌ನಲ್ಲಿ. ಬ್ರಿಟಿಷ್ ನೌಕಾಪಡೆಗಾಗಿ ಕೈದಿಗಳನ್ನು ತಂದು ಕಟ್ಟಿಸಿದ ಕೋಟೆ, ಗೋದಾಮು, ಧಕ್ಕೆ ಅದು. ಯಜಮಾನರು ಅಲ್ಲಿ ಒಂದು ದಿನ ಕಳೆಯಲಿ, ಬಂದರಿನವರ ಕಣ್ಣಿಗೆ ಕಾಣುವುದು ನಮಗೆ ಕಾಣುವುದಿಲ್ಲ. ಗಾಳದ ಕೊಕ್ಕೆಯಂತೆ ಬಾಗಿದ ದ್ವೀಪದ ಒಟ್ಟು ವಿಸ್ತೀರ್ಣ 54 ಚದರ ಕಿಲೋಮೀಟರ್ ಅಷ್ಟೇ. ಪ್ರವಾಸಿಗರಿಗೆ ಮಾಮೂಲಿ ಕಾರು ಬಾಡಿಗೆಗೆ ಕೊಡುವುದಿಲ್ಲ, ಪುಟ್ಟ ವಿದ್ಯುತ್ ಗಾಡಿ ಮಾತ್ರ. ಗುಲಾಬಿ ಬಣ್ಣದ ಬಸ್ಸು ಮತ್ತು ಫೆರ್ರಿ ಎರಡಕ್ಕೂ ನಡೆಯುವ ಪಾಸ್ ತೆಗೆದುಕೊಳ್ಳಿ. 7ನೇ ನಂಬರಿನ ಬಸ್ ಹಾರ್ಸ್‌ಶೂ ಕೊಲ್ಲಿಯ ಹತ್ತಿರ ಹೋಗುತ್ತದೆ. ಅಲ್ಲಿನ ಮರಳಿಗೆ ತೆಳು ಗುಲಾಬಿ ಛಾಯೆ. ಹವಳದ ದಿಬ್ಬದಲ್ಲಿ ಬದುಕುವ ಒಂದು ಕೆಂಪು ಸೂಕ್ಷ್ಮಜೀವಿಯ ಚಿಪ್ಪಿನ ಪುಡಿ ಅದರಲ್ಲಿ ಬೆರೆತಿದೆ. ಮನೆಗಳ ಮಾಡು ನೋಡಲು ಮರೆಯಬೇಡಿ. ಅಲ್ಲಿ ನದಿಯಿಲ್ಲ, ಸಿಹಿನೀರಿನ ಕೆರೆಯಿಲ್ಲ. ಮೆಟ್ಟಿಲಿನಂತಿರುವ ಬಿಳಿ ಸುಣ್ಣದ ಮಾಡಿನಿಂದ ಮಳೆನೀರು ಇಳಿದು ಮನೆಯಡಿಯ ತೊಟ್ಟಿ ಸೇರುತ್ತದೆ. ಮನೆ ಕಟ್ಟುವವರಿಗೆ ಇದು ಕಾನೂನು. ನಮ್ಮ ಕರಾವಳಿಯ ಅರ್ಧದಷ್ಟೂ ಮಳೆ ಅಲ್ಲಿಲ್ಲ. ನಾವೋ, ಜೂನ್‌ನಲ್ಲಿ ಅಂಗಳವೆಲ್ಲ ಹೊಳೆಯಾಗಿ ಹರಿಯಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುತ್ತೇವೆ.

ಕ್ರಿಸ್ಟಲ್ ಕೇವ್ ಎಂಬ ಗುಹೆ ಬಹಳ ಚೆಂದ. ಕಳೆದುಹೋದ ಕ್ರಿಕೆಟ್ ಚೆಂಡು ಹುಡುಕುತ್ತಾ ಇಬ್ಬರು ಹುಡುಗರು ಕಂಡುಹಿಡಿದದ್ದು. ಮೊಮ್ಮಕ್ಕಳು ಹೋಗಲಿ. ಆದರೆ ಸುಮಾರು ಎಂಬತ್ತು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಗಿಬ್ಸ್ ಹಿಲ್ ದೀಪಸ್ತಂಭಕ್ಕೆ 185 ಮೆಟ್ಟಿಲು. ಯಜಮಾನರು ಎರಡಕ್ಕೂ ಹತ್ತಬಾರದು. ಹತ್ತುವುದು ಬೇಡ ಎಂದು ಅವರನ್ನು ತಡೆಯಬೇಕಾದ ಮಗನಿಗೆ ಕಾರಣವೇ ಗೊತ್ತಿಲ್ಲವಲ್ಲ!

ಈಗ ಆ ಎರಡು ಸಾಲು.

ಮಗ ಪ್ರಯಾಣದ ವಿಮೆ ಮಾಡಿಸುತ್ತಾನೆ. ಮೊದಲಿನಿಂದ ಇರುವ ಕಾಯಿಲೆ ಏನಾದರೂ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಅಪ್ಪನಿಗೆ ಗ್ಯಾಸ್ ಟ್ರಬಲ್ ಎಂದು ನಂಬಿರುವ ಹುಡುಗ ‘ಇಲ್ಲ’ ಎಂದು ಬರೆಯುತ್ತಾನೆ. ಅವನ ಪ್ರಕಾರ ಅದು ಸತ್ಯ. ಸಮುದ್ರದ ಮಧ್ಯೆ ಎದೆನೋವು ಬಂತೆನ್ನಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಚಿಕ್ಕ ಆಸ್ಪತ್ರೆಯೂ ಇರುತ್ತದೆ, ಆಂಜಿಯೋಪ್ಲಾಸ್ಟಿ ಮಾಡುವ ಸೌಕರ್ಯ ಇರುವುದಿಲ್ಲ. ದ್ವೀಪದಲ್ಲಿ ದೊಡ್ಡ ಆಸ್ಪತ್ರೆ ಇರುವುದು ಒಂದೇ, ಹ್ಯಾಮಿಲ್ಟನ್ ಪಕ್ಕದ ಪ್ಯಾಜೆಟ್‌ನಲ್ಲಿ. ಅಲ್ಲಿಯೂ ಆಗದ ಚಿಕಿತ್ಸೆಗೆ ವಿಮಾನದ ಆಂಬುಲೆನ್ಸ್‌ನಲ್ಲಿ ಅಮೆರಿಕಕ್ಕೆ ಸಾಗಿಸುತ್ತಾರೆ. ಅದಕ್ಕೆ ಹತ್ತಾರು ಸಾವಿರ ಡಾಲರ್ ಬೇಕು. ಆಗ ವಿಮೆಯವರು ಮಂಗಳೂರಿನ ಆಸ್ಪತ್ರೆಯ ಹಳೆಯ ಕಾಗದ ಕೇಳಿ ತರಿಸಿ, ಸ್ಟೆಂಟ್ ಮುಚ್ಚಿಟ್ಟಿದ್ದೀರಿ ಎಂದು ಕೈ ತೊಳೆದುಕೊಳ್ಳುತ್ತಾರೆ. ಕೆಲವು ವಿಮೆಗಳಲ್ಲಿ ಮೊದಲಿನ ಕಾಯಿಲೆಗೂ ರಕ್ಷಣೆ ಸಿಗುತ್ತದೆ. ಆದರೆ ಪ್ರವಾಸಕ್ಕೆ ಮೊದಲ ಹಣ ಕಟ್ಟಿದ ಎರಡು ಮೂರು ವಾರದೊಳಗೆ ಅದನ್ನು ಕೊಳ್ಳಬೇಕೆಂಬ ಷರತ್ತು ಸಾಮಾನ್ಯ. ಮಗ ಮುಂಗಡ ಕಟ್ಟಿ ಎಷ್ಟು ದಿನವಾಯಿತು ಎಂದು ನೀವು ಬರೆದಿಲ್ಲ. ಭಾರತದಿಂದ ಬರುವವರಿಗೆ ಅಮೆರಿಕದಲ್ಲಿ ಮಾಡಿಸುವ ಆರೋಗ್ಯ ವಿಮೆ ಹಡಗಿನಲ್ಲೂ ಬರ್ಮುಡಾದಲ್ಲೂ ನಡೆಯುತ್ತದೆಯೇ ಎಂದು ಬೇರೆಯೇ ಕೇಳಬೇಕು.

ಯಜಮಾನರು ಹೇಳಬೇಡ ಎಂದಿದ್ದಾರೆ, ನಿಮಗೆ ಆಣೆ ಹಾಕಿಸಿದ್ದಾರೆ, ಎಲ್ಲ ಗೊತ್ತು. ಹೇಳಿದರೆ ಮಗ ಪ್ರವಾಸವನ್ನೇ ರದ್ದು ಮಾಡುತ್ತಾನೆ ಎಂಬ ಭಯ ಅವರಿಗೆ. ಹಾಗಾಗಬೇಕೆಂದಿಲ್ಲ. ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷ ಆರಾಮವಾಗಿರುವ ಎಷ್ಟೋ ಮಂದಿ ಡಾಕ್ಟರ ಒಪ್ಪಿಗೆಯ ಮೇಲೆ ಪ್ರಯಾಣ ಮಾಡುತ್ತಾರೆ. ಆದ್ದರಿಂದ ಮೊದಲು ಅವರನ್ನು ಕರೆದುಕೊಂಡು ಅವರ ಹೃದಯದ ಡಾಕ್ಟರ ಬಳಿಗೆ ಹೋಗಿ. ಹೋಗಬಹುದೇ ಎಂದು ನೇರವಾಗಿ ಕೇಳಿ. ಹೋಗಬಹುದು ಎಂದರೆ ಅದನ್ನು ಇಂಗ್ಲಿಷಿನಲ್ಲಿ ಪತ್ರದ ರೂಪದಲ್ಲಿ ಬರೆಸಿ, ಮಾತ್ರೆಗಳ ಪಟ್ಟಿ, ಇತ್ತೀಚಿನ ಇಸಿಜಿ ಪ್ರತಿ ಪಡೆದುಕೊಳ್ಳಿ. ವಾಂತಿಯ ಮಾತ್ರೆ ಅವರಿಗೆ ಯಾವುದು ಆಗುತ್ತದೆ ಎಂಬುದನ್ನೂ ಕೇಳಿ, ಹಡಗಿನಲ್ಲಿ ಯಾರೋ ಕೊಟ್ಟದ್ದನ್ನು ನುಂಗುವುದು ಬೇಡ. ಆ ಪತ್ರ ಕೈಯಲ್ಲಿ ಹಿಡಿದು, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಗನಿಗೆ ಫೋನ್ ಮಾಡಿ. ಅವರೇ ಹೇಳಲಿ. ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಹುಡುಗ ಸಿಟ್ಟಾದಾನು, ಅತ್ತಾನು. ಅದು ಹಡಗುಕಟ್ಟೆಯಲ್ಲಿ ಆಗುವುದಕ್ಕಿಂತ ಫೋನಿನಲ್ಲಿ ಆಗಲಿ. ಡಾಕ್ಟರು ಬೇಡ ಎಂದರೆ? ಆಗಲೂ ಮಗನಿಗೆ ಹೇಳಿ. ಹೊರಡುವುದಕ್ಕೆ ಸುಮಾರು ಮೂರು ತಿಂಗಳ ಮೊದಲು ಪೂರ್ತಿ ಹಣ ಕಟ್ಟಬೇಕಾಗುತ್ತದೆ, ಅದಕ್ಕೂ ಮುಂಚೆ ರದ್ದು ಮಾಡಿದರೆ ನಷ್ಟ ಕಡಿಮೆ.

ಮಾತ್ರೆಗಳನ್ನು ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ ಸಹೋದರಿ, ಸೂಟ್‌ಕೇಸಿನಲ್ಲಿ ಬೇಡ. ಸೂಟ್‌ಕೇಸನ್ನು ಹಡಗುಕಟ್ಟೆಯಲ್ಲೇ ತೆಗೆದುಕೊಳ್ಳುತ್ತಾರೆ, ಕ್ಯಾಬಿನ್ನಿಗೆ ಬರುವಾಗ ಕೆಲವೊಮ್ಮೆ ರಾತ್ರಿಯಾಗುತ್ತದೆ. ಡಾಕ್ಟರು ಏನೆಂದರು, ಮಗ ಏನೆಂದ ಎಂದು ನನಗೆ ಬರೆಯಿರಿ.