ಪಕ್ಷಾಂತರ ನಿಷೇಧ ಗಣಿತಕ್ಕೂ ಬೇಕು!

ತಲೆಬರಹ ನೋಡಿ ರಾಜಕೀಯ ಅಂದುಕೊಂಡು ಬಂದಿದ್ದರೆ ಮೊದಲೇ ಹೇಳಿಬಿಡ್ತೀನಿ, ಇದು ಗಣಿತದ ಬರಹ. ಓಡಿಹೋಗಬೇಡಿ, ಏಳನೇ ಕ್ಲಾಸಿನ ಗಣಿತ ಅಷ್ಟೇ. ಕೂಡೋದು, ಕಳೆಯೋದು ಬಿಟ್ಟರೆ ಒಂದೆರಡು ಕಡೆ ಭಾಗಾಕಾರ ಬರುತ್ತೆ, ಅದಕ್ಕಿಂತ ಕಷ್ಟದ್ದು ಏನೂ ಇಲ್ಲ :-)

ನಮ್ಮ ರಾಜಕಾರಣಿಗಳ ಪಕ್ಷಾಂತರ ತಡೆಯೋದಕ್ಕೆ 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು, ಹತ್ತನೇ ಅನುಸೂಚಿ ಅಂತ ಒಂದನ್ನು ಸೇರಿಸಿದರು. ಅದರಿಂದ ಎಷ್ಟು ಉಪಯೋಗ ಆಯ್ತು ಅನ್ನೋದು ಬೇರೆ ಚರ್ಚೆ. ಆದರೆ ನಮ್ಮ ಶಾಲೆಗಳ ಗಣಿತದ ಕ್ಲಾಸಿನಲ್ಲಿ ದಿನವೂ ಒಂದು ಪಕ್ಷಾಂತರ ನಡೀತಾ ಇದೆ. ಅದನ್ನು ಮಾತ್ರ ಯಾರೂ ಪ್ರಶ್ನೆ ಮಾಡಲ್ಲ. ನನ್ನ ತಕರಾರು ಅದರ ಬಗ್ಗೆ.

ಒಂದು ಸರಳ ಸಮೀಕರಣ ತಗೊಳ್ಳಿ. ಇಂಗ್ಲಿಷಿನ ಎಕ್ಸ್ ಬದಲು 'ಕ್ಷ' ಅಂತ ಬರೀತೀನಿ. ಎಕ್ಸ್-ರೇಗೆ ಕ್ಷ-ಕಿರಣ ಅನ್ನೋದಾದರೆ ಇದಕ್ಕೇನು ದೋಷ?

ಕ್ಷ + 7 = 15

ಇದನ್ನು ಬಿಡಿಸೋದು ಹೇಗೆ ಅಂತ ಯಾರನ್ನಾದರೂ ಕೇಳಿ. ಎಂಜಿನಿಯರಿಂಗ್ ಮಾಡಿದವರು, ಬಿ.ಕಾಂ ಮಾಡಿದವರು, ಶಾಲೆ ಬಿಟ್ಟು ಇಪ್ಪತ್ತು ವರ್ಷ ಆದವರು, ಎಲ್ಲರೂ ಒಂದೇ ಮಂತ್ರ ಹೇಳ್ತಾರೆ: "7ನ್ನ ಆ ಕಡೆ ತಗೊಂಡು ಹೋಗು, ಆ ಕಡೆ ಹೋದರೆ ಪ್ಲಸ್ ಇದ್ದದ್ದು ಮೈನಸ್ ಆಗುತ್ತೆ." ಆಮೇಲೆ ಕ್ಷ = 15 - 7, ಅಂದರೆ 8. ಉತ್ತರ ಸರಿ. ಮಾರ್ಕ್ಸೂ ಸಿಗುತ್ತೆ.

ಸರಿ, ಆದರೆ ಯಾಕೆ ಮೈನಸ್ ಆಗುತ್ತೆ? ಗಡಿ ದಾಟಿದ ಕೂಡಲೇ ಬಣ್ಣ ಬದಲಾಯಿಸೋಕೆ 7 ಏನು ಗೋಸುಂಬೆಯಾ?

ನಿಜ ಹೇಳಬೇಕು ಅಂದರೆ ಆ 7 ಎಲ್ಲಿಗೂ ಹೋಗಿಲ್ಲ. ಎಡಗಡೆ ಇದ್ದದ್ದೂ ಬಲಗಡೆ ಇದ್ದದ್ದೂ ಸಮ. ಎರಡು ಕಡೆಯಿಂದಲೂ 7 ಕಳೆದರೆ ಆಗಲೂ ಸಮ. ಅಷ್ಟೇ ವಿಷಯ.

ಕ್ಷ + 7 - 7 = 15 - 7

ಎಡಗಡೆ 7 - 7 ಸೊನ್ನೆಯಾಗಿ ಮಾಯವಾಯ್ತು. ಬಲಗಡೆ ಹೊಸದಾಗಿ ಒಂದು -7 ಬಂತು. ಈ ಮಧ್ಯದ ಸಾಲನ್ನು ಬರೆಯದೇ ಹಾರಿಸಿಬಿಟ್ಟರೆ, ನೋಡೋರಿಗೆ 7 ಎದ್ದು ಆ ಕಡೆ ನಡೆದುಹೋಗಿ ವೇಷ ಬದಲಿಸಿದ ಹಾಗೆ ಕಾಣುತ್ತೆ. ನಾವು ಮಕ್ಕಳಿಗೆ ಕಲಿಸ್ತಾ ಇರೋದು ಈ ವೇಷವನ್ನು, ಅದರ ಹಿಂದಿನ ಲೆಕ್ಕವನ್ನಲ್ಲ.

"ಉತ್ತರ ಬರುತ್ತಲ್ಲ, ಇನ್ನೇನು ರಗಳೆ ನಿಂದು?" ಅಂತ ನೀವು ಕೇಳಬಹುದು. ರಗಳೆ ಶುರುವಾಗೋದು ಮುಂದಿನ ಲೆಕ್ಕದಲ್ಲಿ.

ಹಾಸನದಲ್ಲಿರೋ ನನ್ನ ಅಕ್ಕನ ಮಗಳು ಏಳನೇ ಕ್ಲಾಸು. ಹೋದ ತಿಂಗಳು ಊರಿಗೆ ಹೋದಾಗ ಅವಳ ನೋಟ್ಸ್ ನೋಡ್ತಾ ಇದ್ದೆ. 3ಕ್ಷ = 12 ಅನ್ನೋ ಲೆಕ್ಕಕ್ಕೆ ಅವಳು ಬರೆದಿದ್ದ ಉತ್ತರ -4. ಹೆಂಗೆ ಬಂತು ಪುಟ್ಟಿ ಅಂತ ಕೇಳಿದೆ. "3 ಆ ಕಡೆ ಹೋಯ್ತು, ಕೆಳಗೆ ಹೋಯ್ತು. ಆ ಕಡೆ ಹೋದರೆ ಚಿಹ್ನೆ ಬದಲಾಗಬೇಕಲ್ಲ ಮಾಮ? ಅದಕ್ಕೇ 12 ಭಾಗಿಸು -3."

ಅವಳ ತರ್ಕದಲ್ಲಿ ಏನಾದರೂ ತಪ್ಪಿದೆಯಾ ಹೇಳಿ? ಅವಳಿಗೆ ಕೊಟ್ಟ ನಿಯಮವನ್ನು ಅಕ್ಷರಶಃ ಪಾಲಿಸಿದ್ದಾಳೆ. ಆ ನಿಯಮ ಕೂಡೋದು ಕಳೆಯೋದಕ್ಕೆ ಮಾತ್ರ, ಗುಣಾಕಾರಕ್ಕೆ ಬೇರೆ ಅಂತ ಇನ್ನೊಂದು ನಿಯಮ ಇದೆ. ಅದನ್ನೂ ಬಾಯಿಪಾಠ ಮಾಡಬೇಕು. ಎಷ್ಟು ಅಂತ ನೆನಪಿಟ್ಟುಕೊಳ್ಳೋದು ಪಾಪ? ಅದೇ "ಎರಡು ಕಡೆಗೂ ಒಂದೇ ಕೆಲಸ ಮಾಡು" ಅಂತ ಒಂದೇ ಮಾತು ಗೊತ್ತಿದ್ದರೆ, ಎರಡು ಕಡೆಯನ್ನೂ 3ರಿಂದ ಭಾಗಿಸ್ತಿದ್ದಳು, 4 ಬರ್ತಿತ್ತು, ಚಿಹ್ನೆಯ ಪ್ರಶ್ನೆಯೇ ಏಳ್ತಿರಲಿಲ್ಲ.

ನನಗೆ ನಿಜವಾಗಿ ಬೇಜಾರಾಗಿದ್ದು ಆಮೇಲೆ. "ಸರಿ, ಈಗ ಕ್ಷ ಇರೋ ಜಾಗಕ್ಕೆ -4 ಹಾಕಿ ನೋಡು, 12 ಬರುತ್ತಾ?" ಅಂದೆ. ಅವಳು ನನ್ನ ಮುಖ ನೋಡಿ, "ಹಂಗೆ ಹಾಕಿ ನೋಡಬಹುದಾ?" ಅಂತ ಕೇಳಿದಳು. ಹಾಕಿದಳು, -12 ಬಂತು. ಪುಸ್ತಕ ಮುಚ್ಚಿ, "ನಂಗೆ ಗಣಿತ ಬರಲ್ಲ ಬಿಡು ಮಾಮ" ಅಂದಳು.

ಹನ್ನೆರಡು ವರ್ಷದ ಹುಡುಗಿ. ಅಮ್ಮನ ಜೊತೆ ಸಂತೆಗೆ ಹೋದರೆ ಚಿಲ್ಲರೆ ಲೆಕ್ಕ ಇವಳೇ ಹಾಕೋದು. ನೂರು ರೂಪಾಯಿ ಕೊಟ್ಟು ಅರವತ್ತೆರಡು ರೂಪಾಯಿ ಸಾಮಾನು ತಗೊಂಡರೆ ವಾಪಸ್ ಎಷ್ಟು ಬರಬೇಕು ಅಂತ ಅಂಗಡಿಯವರಿಗಿಂತ ಮುಂಚೆ ಹೇಳ್ತಾಳೆ. 62 + ಕ್ಷ = 100 ಅನ್ನೋ ಸಮೀಕರಣ ಇವಳ ನಾಲಿಗೆ ಮೇಲೇ ಇದೆ. ಅಂಥವಳು ತನಗೆ ಗಣಿತ ಬರಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಪಿಯುಸಿಯಲ್ಲಿ ಗಣಿತ ಇಲ್ಲದ ಕಾಂಬಿನೇಷನ್ ಯಾವುದಿದೆ ಅಂತ ಹುಡುಕೋ ಎಷ್ಟೋ ಮಕ್ಕಳ ಕಥೆ ಇಂಥ ಒಂದು ಸಂಜೆಯಲ್ಲೇ ಶುರುವಾಗಿರುತ್ತೆ ಅನ್ನೋದು ನನ್ನ ಗುಮಾನಿ.

ಇದರ ಬೇರು ಇನ್ನೂ ಹಿಂದಿದೆ. ಒಂದನೇ ಕ್ಲಾಸಿನಿಂದ ಮಕ್ಕಳು '=' ನೋಡೋದು 3 + 4 = ಅನ್ನೋ ರೂಪದಲ್ಲಿ. ಹಾಗಾಗಿ ಆ ಚಿಹ್ನೆ ಅಂದರೆ "ಉತ್ತರ ಬರಿ" ಅನ್ನೋ ಆಜ್ಞೆ ಅಂತ ಮನಸ್ಸಿನಲ್ಲಿ ಕೂತುಬಿಡುತ್ತೆ. 1999ರಲ್ಲಿ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ 8 + 4 = __ + 5 ಅಂತ ಕೊಟ್ಟು ಖಾಲಿ ಜಾಗ ತುಂಬಿ ಅಂದರೆ, ಹೆಚ್ಚಿನವರು 12 ಅಥವಾ 17 ಅಂತ ಬರೆದರು. ಸರಿ ಉತ್ತರ 7. ಸಮ ಅಂದರೆ ಎರಡು ಕಡೆಯೂ ಒಂದೇ ತೂಕ ಅಂತ ಗೊತ್ತಿಲ್ಲದ ಮಗುವಿಗೆ ಆಮೇಲೆ ಬೀಜಗಣಿತ ಕಲಿಸೋಕೆ ಹೊರಟರೆ ಏನಾಗಬೇಕೋ ಅದೇ ಆಗುತ್ತೆ. '=' ಚಿಹ್ನೆಯನ್ನು 1557ರಲ್ಲಿ ತನ್ನ ಪುಸ್ತಕದಲ್ಲಿ ಬಳಸಿದ ವೇಲ್ಸ್‌ನ ರಾಬರ್ಟ್ ರೆಕಾರ್ಡ್, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಇನ್ನೇನಿದೆ ಅನ್ನೋ ಕಾರಣಕ್ಕೇ ಅದನ್ನು ಆರಿಸಿದ್ದು. ನಮ್ಮ ಕನ್ನಡದ 'ಸಮೀಕರಣ' ಪದದಲ್ಲೇ 'ಸಮ' ಕೂತಿದೆ. ಪಕ್ಷಾಂತರದ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸ್ತಿಲ್ಲ.

ನನ್ನಂಥ ಸಾಫ್ಟ್‌ವೇರ್‌ನವರು ಈ ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿದಿದ್ದೀವಿ ಅನ್ನೋದೂ ನಿಜ. ಸಿ, ಜಾವಾ, ಪೈಥಾನ್ ಯಾವುದರಲ್ಲೇ ಆಗಲಿ ಕ್ಷ = ಕ್ಷ + 5 ಅಂತ ಬರೆದರೆ ಕಂಪ್ಯೂಟರ್ ತೆಪ್ಪಗೆ ಒಪ್ಪಿಕೊಳ್ಳುತ್ತೆ. ಗಣಿತದಲ್ಲಿ ಎರಡು ಕಡೆಯಿಂದ ಕ್ಷ ಕಳೆದು ನೋಡಿ, 0 = 5 ಅಂತ ಬರುತ್ತೆ! ಅಲ್ಲಿ '=' ಅಂದರೆ ಸಮ ಅಲ್ಲ, "ಬಲಗಡೆ ಬಂದದ್ದನ್ನು ಎಡಗಡೆ ಡಬ್ಬಿಗೆ ಹಾಕು" ಅಂತ. ಪ್ಯಾಸ್ಕಲ್ ಭಾಷೆ ಮಾಡಿದವರು ಮರ್ಯಾದೆಯಾಗಿ ಅದಕ್ಕೆ := ಅನ್ನೋ ಬೇರೆ ಗುರುತು ಇಟ್ಟಿದ್ದರು. ಈಗ ಮಕ್ಕಳಿಗೆ ಚಿಕ್ಕ ವಯಸ್ಸಿಗೇ ಕೋಡಿಂಗ್ ಕ್ಲಾಸ್ ಬೇರೆ. ಸಮ ಅಂದರೇನು ಅಂತ ಇನ್ನೂ ಗಟ್ಟಿಯಾಗಿ ಹೇಳಿಕೊಡಬೇಕಾದ ಕಾಲ ಇದು.

ಇನ್ನು ಇತಿಹಾಸ. ಎರಡು ಕಡೆಗೂ ಕೂಡೋದು, ಎರಡು ಕಡೆಯಿಂದ ಕಳೆಯೋದು ಮಕ್ಕಳನ್ನು ಪುಸಲಾಯಿಸೋಕೆ ಇತ್ತೀಚೆಗೆ ಯಾರೋ ಕಂಡುಹಿಡಿದದ್ದಲ್ಲ. ಆಲ್ಜೀಬ್ರಾ ಅನ್ನೋ ಹೆಸರೇ ಅದರಿಂದ ಬಂದಿದ್ದು. ಸುಮಾರು 820ರಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿ ಎರಡು ಪದ ಇವೆ, ಅಲ್-ಜಬ್ರ್ ಮತ್ತು ಅಲ್-ಮುಕಾಬಲ. ಜಬ್ರ್ ಅಂದರೆ ಮುರಿದದ್ದನ್ನು ಮತ್ತೆ ಜೋಡಿಸೋದು. ಸ್ಪ್ಯಾನಿಶ್‌ನಲ್ಲಿ ಹಿಂದೆ 'ಆಲ್ಜೆಬ್ರಿಸ್ತಾ' ಅಂದರೆ ಮುರಿದ ಮೂಳೆ ಕೂಡಿಸೋನು, ನಮ್ಮ ಪುತ್ತೂರು ಕಟ್ಟು ಹಾಕೋರ ಹಾಗೆ! ಒಂದು ಕಡೆ ಏನೋ ಕಳೆದುಹೋಗಿದ್ದರೆ, ಅಷ್ಟನ್ನೇ ಎರಡು ಕಡೆಗೂ ಕೂಡಿಸಿ ಸರಿಮಾಡೋದು ಜಬ್ರ್. ಎರಡು ಕಡೆಯಲ್ಲೂ ಒಂದೇ ಥರದ್ದು ಇದ್ದರೆ ಎದುರುಬದುರು ನಿಲ್ಲಿಸಿ ಸಮನಾಗಿ ಕಳೆಯೋದು ಮುಕಾಬಲ. ಈ ಲೆಕ್ಕ ನೋಡಿ:

7 - ಕ್ಷ = 3

"ಆ ಕಡೆ ಈ ಕಡೆ" ಮಾಡೋ ಮಕ್ಕಳು 7ನ್ನ ಸಾಗಿಸಿ, -ಕ್ಷ = -4 ಅಂತ ಬಂದು, ಈ ಮೈನಸ್ಸಿಗೆ ಏನು ಮಾಡೋದು ಅಂತ ಪೆನ್ಸಿಲ್ ಕಚ್ಚುತ್ತಾ ಕೂರ್ತಾರೆ. ಜಬ್ರ್ ಮಾಡಿ. ಎಡಗಡೆ ಕ್ಷ ಕಳೆದಿದೆ, ಎರಡು ಕಡೆಗೂ ಕ್ಷ ಕೂಡಿ: 7 = 3 + ಕ್ಷ. ಮುಕಾಬಲ ಮಾಡಿ, ಎರಡು ಕಡೆಯಿಂದ 3 ಕಳೆಯಿರಿ: 4 = ಕ್ಷ. ಮೈನಸ್ಸಿನ ಕಾಟವೇ ಇಲ್ಲ.

ನಮ್ಮ ಕಡೆ ಬಂದರೆ, 628ರಲ್ಲಿ ಬ್ರಹ್ಮಗುಪ್ತ ಧನ ಮತ್ತು ಋಣ ಅಂತ ಕರೆದು, ಅಂದರೆ ಆಸ್ತಿ ಮತ್ತು ಸಾಲ ಅಂತ, ಅವನ್ನು ಕೂಡೋ ಕಳೆಯೋ ನಿಯಮ ಬರೆದಿಟ್ಟ. ನಾವು ಇವತ್ತಿಗೂ ಧನಸಂಖ್ಯೆ, ಋಣಸಂಖ್ಯೆ ಅಂತಲೇ ಅನ್ನೋದು. ಅಲ್-ಖ್ವಾರಿಜ್ಮಿ ಆಗಿ ಕೆಲವೇ ದಶಕಗಳಲ್ಲಿ, ಸುಮಾರು 850ರಲ್ಲಿ, ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಆಸ್ಥಾನ ಅಂದರೆ ನಮಗೆ ಕವಿರಾಜಮಾರ್ಗ ಮಾತ್ರ ನೆನಪಾಗುತ್ತೆ. ಗಣಿತಸಾರಸಂಗ್ರಹದ ಲೆಕ್ಕಗಳಲ್ಲಿ ಆನೆ ಹಿಂಡು ಇದೆ, ಹಣ್ಣಿನ ರಾಶಿ ಇದೆ, ಹರಿದು ಚೆಲ್ಲಿದ ಮುತ್ತಿನ ಹಾರ ಇದೆ. ಕಣ್ಣಿಗೆ ಕಟ್ಟೋ ಹಾಗೆ ಗಣಿತ ಹೇಳೋದು ನಮಗೆ ಹೊಸದೇನಲ್ಲ.

ಈಗ ಎದುರು ವಾದ. ನನಗೆ ಗೊತ್ತಿರೋ ಇಬ್ಬರು ಮೇಷ್ಟ್ರುಗಳ ಹತ್ತಿರ ಇದನ್ನು ವಾದ ಮಾಡಿದ್ದೀನಿ. ಒಬ್ಬರು ಹೇಳಿದ್ದು: "ಐವತ್ತು ಮಕ್ಕಳಿದ್ದಾರೆ ಕಣಯ್ಯಾ, ಪೋರ್ಷನ್ ಮುಗಿಸಬೇಕು, ಒಂದೊಂದು ಲೆಕ್ಕಕ್ಕೆ ಒಂದೊಂದು ಸಾಲು ಜಾಸ್ತಿ ಬರೆಸ್ತಾ ಕೂತರೆ ಆಗುತ್ತಾ?" ಅವರ ಕಷ್ಟ ಸುಳ್ಳಲ್ಲ. ಇನ್ನೊಬ್ಬರು, "ಪುಸ್ತಕದಲ್ಲಿ ತಕ್ಕಡಿ ಚಿತ್ರ ಇದೆಯಲ್ಲ" ಅಂದರು. ಅದೂ ನಿಜ. ಎನ್‌ಸಿಇಆರ್‌ಟಿಯ 2007ರ ಏಳನೇ ತರಗತಿ ಪುಸ್ತಕ ತಕ್ಕಡಿಯಿಂದಲೇ ಶುರುಮಾಡಿ ಆಮೇಲೆ ಪಕ್ಷಾಂತರಕ್ಕೆ ಬರುತ್ತೆ. ಆದರೆ ಕ್ಲಾಸಿನಲ್ಲಿ ತಕ್ಕಡಿ ಒಂದು ದಿನ, ಪಕ್ಷಾಂತರ ವರ್ಷಪೂರ್ತಿ. ಇಂದಿನ ಮಕ್ಕಳು ತಕ್ಕಡಿಯನ್ನು ನೋಡೋದೂ ಕಡಿಮೆ, ಎಲ್ಲ ಕಡೆ ಎಲೆಕ್ಟ್ರಾನಿಕ್. ಸ್ವೀಟ್ ಅಂಗಡಿಯಲ್ಲಿ ಖಾಲಿ ಡಬ್ಬಿ ಇಟ್ಟು ಗುಂಡಿ ಒತ್ತಿ ಸೊನ್ನೆ ಮಾಡ್ತಾರಲ್ಲ, ಅದನ್ನಾದರೂ ತೋರಿಸಿ. ಡಬ್ಬಿಯ ತೂಕ ಕಳೀತು, ಉಳಿದದ್ದು ಮೈಸೂರುಪಾಕು. ತಕ್ಕಡಿಯಲ್ಲಿ ಋಣಸಂಖ್ಯೆ ತೂಗೋಕಾಗಲ್ಲ ಅನ್ನೋ ಆಕ್ಷೇಪವೂ ಸರಿ. ಕ್ಷ + 7 = 3 ಬಂದಾಗ ತಕ್ಕಡಿ ಪಕ್ಕಕ್ಕಿಟ್ಟು ಬ್ರಹ್ಮಗುಪ್ತನ ಸಾಲದ ಲೆಕ್ಕ ಹೇಳಿ. ಏಳು ರೂಪಾಯಿ ಕೊಟ್ಟ ಮೇಲೂ ಅವನ ಹತ್ತಿರ ಮೂರೇ ಇದೆ ಅಂದರೆ, ಮೊದಲು ನಾಲ್ಕು ರೂಪಾಯಿ ಸಾಲ ಇತ್ತು ಅಂತ.

ಸಮಯ ಉಳಿಯುತ್ತೆ ಅನ್ನೋ ಮಾತನ್ನು ಮಾತ್ರ ನಾನು ಒಪ್ಪಲ್ಲ. ಏಳರಲ್ಲಿ ಉಳಿಸಿದ ಸಮಯವನ್ನು ಹತ್ತರಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತೆ. ಹತ್ತನೇ ಕ್ಲಾಸಿನಲ್ಲಿ ವರ್ಜಿಸುವ ವಿಧಾನ ಅಂತ ಬರುತ್ತೆ, ನೆನಪಿದೆಯಾ?

ಕ್ಷ + ಯ = 10
ಕ್ಷ - ಯ = 4

ಎರಡನ್ನೂ ಕೂಡಿ: 2ಕ್ಷ = 14, ಕ್ಷ = 7, ಯ = 3. ಇಲ್ಲಿ ಯಾವುದೂ ಆ ಕಡೆ ಹೋಗಲಿಲ್ಲ. ಒಂದು ಇಡೀ ಸಮೀಕರಣಕ್ಕೆ ಇನ್ನೊಂದನ್ನು ಕೂಡಿದೆವು. ಯಾಕೆ ಹಾಗೆ ಕೂಡಬಹುದು? ಸಮವಾದದ್ದಕ್ಕೆ ಸಮವಾದದ್ದನ್ನು ಕೂಡಿದರೆ ಸಮ, ಅದಕ್ಕೆ. ಇದು ಗೊತ್ತಿರೋ ಮಗುವಿಗೆ ಹೊಸ ಪಾಠವೇ ಅಲ್ಲ. ಗೊತ್ತಿಲ್ಲದ ಮಗುವಿಗೆ ಮತ್ತೊಂದು ಮಂತ್ರ.

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲನೇದು, ಸಮೀಕರಣ ಕಲಿಯೋ ಮೊದಲ ಒಂದೆರಡು ತಿಂಗಳಾದರೂ "ಆ ಕಡೆ" ಅನ್ನೋ ಪದ ಕ್ಲಾಸಿನಲ್ಲಿ ನಿಷೇಧ. ಏನೇ ಕೂಡಿದರೂ ಕಳೆದರೂ ಎರಡು ಕಡೆಗೂ ಬರೀಲಿ. ಎರಡನೇದು, ಪ್ರತಿ ಲೆಕ್ಕಕ್ಕೂ ತಾಳೆ ನೋಡಿಸಿ, ಅದಕ್ಕೂ ಒಂದು ಮಾರ್ಕ್ಸ್ ಇಡಿ. ನಾವು ಆಫೀಸಿನಲ್ಲಿ ಟೆಸ್ಟ್ ಮಾಡದೆ ಒಂದು ಸಾಲು ಕೋಡ್ ಹೊರಗೆ ಬಿಡಲ್ಲ. ಮಕ್ಕಳ ಕೈಗೆ ಮಾತ್ರ ಯಾಕೆ ಆ ಅಧಿಕಾರ ಕೊಡಲ್ಲ? ತನ್ನ ಉತ್ತರ ಸರಿಯೋ ತಪ್ಪೋ ಅಂತ ಟೀಚರ್ ಕೆಂಪು ಪೆನ್ನಿಗೆ ಕಾಯದೆ ತಾನೇ ಹೇಳಬಲ್ಲ ಮಗು, ಗಣಿತಕ್ಕೆ ಹೆದರಲ್ಲ. ಮೂರನೇದು, ಮೂವತ್ತು ನಲವತ್ತು ಲೆಕ್ಕ ಆದ ಮೇಲೆ ಮಕ್ಕಳಿಗೇ + 7 - 7 ಬರೆಯೋಕೆ ಬೇಜಾರಾಗುತ್ತೆ, ತಾವೇ ಹಾರಿಸೋಕೆ ಶುರುಮಾಡ್ತಾರೆ. ಆಗ ಹೇಳಿ, "ಇದಕ್ಕೇ ಪಕ್ಷಾಂತರ ಅಂತಾರೆ ಕಣ್ರೋ" ಅಂತ. ಒಳದಾರಿ ಒಳ್ಳೇದೇ, ನಾನೂ ದಿನಾ ಬಳಸ್ತೀನಿ. ಆದರೆ ಊರಿನ ದಾರಿಯೇ ಗೊತ್ತಿಲ್ಲದವರನ್ನು ಒಳದಾರಿಗೆ ಬಿಟ್ಟರೆ ಕತ್ತಲಾದಾಗ ದಿಕ್ಕು ತಪ್ಪೋದು ಅವರೇ.

ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ, ಟ್ಯೂಷನ್ ಹೇಳಿಕೊಡೋರಿದ್ದೀರಿ, ಮನೆಯಲ್ಲಿ ಮಕ್ಕಳಿಗೆ ಹೋಂವರ್ಕ್ ಮಾಡಿಸೋ ಅಪ್ಪ ಅಮ್ಮಂದಿರಿದ್ದೀರಿ. ನಿಮ್ಮ ಮೇಷ್ಟ್ರು ಇದನ್ನು ಹೇಗೆ ಹೇಳಿಕೊಟ್ಟಿದ್ದರು? ನಿಮ್ಮ ಊರಿನ ಶಾಲೆಯಲ್ಲಿ "ಆ ಕಡೆ" ಅಂತಿದ್ದರಾ, ಬೇರೆ ಏನಾದರೂ ಪದ ಇತ್ತಾ? ಇಲ್ಲ, ನಾನು ಹೇಳಿದ್ದೆಲ್ಲ ಎಂಜಿನಿಯರ್ ಒಬ್ಬನ ಅಧಿಕಪ್ರಸಂಗ, ನಿಜವಾದ ಕ್ಲಾಸಿನಲ್ಲಿ ನಡೆಯಲ್ಲ ಅಂತಲಾ? ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ ಕಾರಣ ಕೊಟ್ಟು ಬೈಯಿರಿ. ಎರಡು ಕಡೆಯ ವಾದವೂ ತೂಗಬೇಕಲ್ಲ :-)